ಎರಡೂ ಕಣ್ಣು ಕಾಣಬೇಕು

ನನ್ನ ಭಾವ ಮೂವತ್ತೊಂದು ವರ್ಷದಿಂದ ಜನರಿಗೆ ನಗಬೇಡಿ ಎಂದು ಹೇಳಿಕೊಂಡೇ ಸಂಸಾರ ಸಾಗಿಸಿದವರು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ದರ್ಜಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಅವರದೊಂದು ಪಾಸ್‌ಪೋರ್ಟ್ ಫೋಟೋ ಸ್ಟುಡಿಯೋ. ಉದ್ದ ಹನ್ನೆರಡು ಹೆಜ್ಜೆ. ಅಗಲಕ್ಕೆ ಕೈ ಚಾಚಿದರೆ ಎರಡು ಗೋಡೆಯೂ ಸಿಗುತ್ತವೆ. ಬಾಗಿಲ ಬಳಿ ಕನ್ನಡಿ, ಅದಕ್ಕೆ ದಾರದಲ್ಲಿ ಕಟ್ಟಿದ ಬಾಚಣಿಗೆ. ಕಟ್ಟದಿದ್ದರೆ ಅದು ಗಿರಾಕಿಯ ತಲೆಯ ಜೊತೆಗೇ ಹೊರಟುಬಿಡುತ್ತದೆ. ಗೂಟದಲ್ಲಿ ಒಂದು ಕಪ್ಪು ಕೋಟು. ಅದು ಯಾರಿಗೂ ಹೊಂದುವುದಿಲ್ಲ, ಆದರೆ ಊರಿನ ಅರ್ಧ ಗಂಡಸರು ಒಮ್ಮೆಯಾದರೂ ಅದನ್ನು ತೊಟ್ಟವರೇ. ಒಳಗೆ ಬಿಳಿ ಪರದೆ, ತಿರುಗುವ ಸ್ಟೂಲು. ಸ್ಟೂಲಿನ ಮೇಲೆ ಯಾರೇ ಕೂರಲಿ, ಭಾವನ ಮಾತು ಬದಲಾಗುವುದಿಲ್ಲ: "ಗದ್ದ ಸ್ವಲ್ಪ ಕೆಳಗೆ. ಎರಡೂ ಕಣ್ಣು ಕಾಣಬೇಕು. ಅಲ್ಲಾಡಬೇಡಿ. ಇಲ್ಲಿ ನೋಡಿ, ಇಲ್ಲಿ!"

ಒಂದು ಫೋಟೋಗೆ ಒಂದೇ ತಲೆ ಎಂಬುದು ಅವರ ಇನ್ನೊಂದು ನಿಯಮ. ಅಕ್ಕನನ್ನು ಮದುವೆಯಾದ ಹೊಸತರಲ್ಲಿ ಅವಳದೊಂದು ಫೋಟೋ ತೆಗೆದು ಗೋಡೆಗೆ ಹಾಕಿದರು. ತೆಗೆಯುವಾಗ ಪಕ್ಕದಲ್ಲಿ ನಾನೂ ಹಲ್ಲು ಕಿರಿದುಕೊಂಡು ನಿಂತಿದ್ದೆ. ಗೋಡೆಗೆ ಬರುವಷ್ಟರಲ್ಲಿ ಅಕ್ಕನ ಹೆಗಲ ಮೇಲೆ ನನ್ನ ನಾಲ್ಕು ಬೆರಳು ಮಾತ್ರ ಉಳಿದಿದ್ದವು. ಕೇಳಿದ್ದಕ್ಕೆ, "ನೀನು ಅಳತೆಗೆ ಬರಲಿಲ್ಲ ಕಣೋ," ಅಂದರು. ಆಗ ನಾನು ಈಗಿನ ಅರ್ಧದಷ್ಟಿದ್ದೆ.

ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಬಂದ ಮೇಲೆ ಸ್ಟೂಲು ಖಾಲಿ ಬೀಳತೊಡಗಿತು. ಭಾವ ಹಿಂಬದಿ ಕಿಟಕಿಯ ಮುಂದೆ ಕೂರತೊಡಗಿದರು. ಕಿಟಕಿಯಾಚೆ ಕರೆಂಟಿನ ತಂತಿ, ನೀರಿನ ಟ್ಯಾಂಕು, ಒಂದು ಒಣಗಿದ ಮರ. ತಂತಿಯ ಮೇಲೆ ಬಂದು ಕೂತ ಹಕ್ಕಿಗಳು ಅವರ ಕಣ್ಣಿಗೆ ಫೋಟೋ ತೆಗೆಸಿಕೊಳ್ಳಲು ಸಾಲಿನಲ್ಲಿ ಕಾದ ಗಿರಾಕಿಗಳ ಹಾಗೆ ಕಂಡವು. ದೊಡ್ಡ ಲೆನ್ಸ್ ಕೊಂಡರು. ಅಕ್ಕ ಮೂರು ದಿನ ಸಾರಿಗೆ ಉಪ್ಪು ಹಾಕಲಿಲ್ಲ.

ಎರಡು ತೊಡಕು ಎದುರಾದವು. ಹಕ್ಕಿಯ ಕಣ್ಣು ಆ ಕಡೆಗೊಂದು, ಈ ಕಡೆಗೊಂದು. ಒಂದು ಕಂಡರೆ ಇನ್ನೊಂದು ಕಾಣದು. "ಇವಕ್ಕೆ ಯಾವ ದೇಶದವರೂ ಪಾಸ್‌ಪೋರ್ಟ್ ಕೊಡಲ್ಲ," ಎಂದು ಭಾವ ಮರುಗಿದರು. ಎರಡನೆಯದು ಅವರ ಬಾಯಿ. ಗುಂಡಿ ಒತ್ತುವ ಗಳಿಗೆಗೆ ಸರಿಯಾಗಿ, ಮೂವತ್ತೊಂದು ವರ್ಷದ ರೂಢಿ, "ಅಲ್ಲಾಡಬೇಡಿ!" ಎಂಬ ಕೂಗು ಹೊರಬೀಳುತ್ತಿತ್ತು. ಹಕ್ಕಿ ಪುರ್ರೆನ್ನುತ್ತಿತ್ತು. ಹಾಗಾಗಿ ಅವರ ಆಲ್ಬಮ್ಮಿನ ತುಂಬ ಬರೀ ಹಕ್ಕಿ ಕೂತೆದ್ದ ಜಾಗಗಳೇ. "ನೋಡು, ಮಿಂಚುಳ್ಳಿ!" ಎಂದು ಒಂದು ತಂತಿ ತೋರಿಸುತ್ತಿದ್ದರು. ನಾನು ಆಹಾ ಅನ್ನುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ನನ್ನ ಆಫೀಸಿಗೆ ಫೋನು. ಏದುಸಿರು.

"ಮುಂದೇ ಇವೆ ಕಣೋ!"

"ಏನು ಭಾವ?"

"ಕಣ್ಣು! ಎರಡೂ! ಮನುಷ್ಯರ ಥರ! ಒಣಮರದ ತೂತಲ್ಲಿ ಗೂಬೆ ಇದೆ. ಒಳಗಿಂದ ಕೀಚಲು ದನಿ ಬರ್ತಿದೆ, ಮರಿ ಇರಬೇಕು. ರಜೆ ಹಾಕಿ ಬಾ!"

ಫೋನಿಟ್ಟವನೇ ರಜೆ ಚೀಟಿ ಬರೆದೆ. ಕಾರಣ, ಆ ಮರವನ್ನು ಕಡಿಸುವ ಏರ್ಪಾಡು ಮಾಡಿದವನು ನಾನೇ. ಹಿಂದಿನ ತಿಂಗಳು ಅದರ ಕೊಂಬೆಯೊಂದು ಬಿದ್ದು ನನ್ನ ಸ್ಕೂಟರಿನ ಸೀಟು ಹರಿದಿತ್ತು. ನಾಲ್ಕಕ್ಷರ ಬರೆಯಬಲ್ಲೆನೆಂಬ ಜಂಬದಲ್ಲಿ ಮೂರು ಪುಟದ ದೂರು ಗೀಚಿ, ಮಧ್ಯೆ ಎರಡು ಉಪಮೆಯನ್ನೂ ಸೇರಿಸಿ, ಮರಗಳ ಉಸ್ತುವಾರಿಯ ಆಫೀಸಿಗೆ ಕೊಟ್ಟಿದ್ದೆ. ನನ್ನ ಬರವಣಿಗೆಯಿಂದ ಜಗತ್ತಿನಲ್ಲಿ ಏನಾದರೂ ಕದಲಿದ್ದು ಅದೇ ಮೊದಲು. ಶುಕ್ರವಾರ ಹನ್ನೊಂದಕ್ಕೆ ಗರಗಸ ಬರುತ್ತದೆ ಎಂದು ಉತ್ತರ ಬಂದಿತ್ತು.

ಸ್ಟುಡಿಯೋಗೆ ಹೋಗಿ ಎಲ್ಲ ಹೇಳಿದೆ. ಭಾವ ನನ್ನನ್ನು ದುರುಗುಟ್ಟಿ ನೋಡಿದರು. ಗೂಬೆಯೇ ಒಂದು ಗಳಿಗೆ ಹಾಗೆ ನೋಡಿದ ಹಾಗಾಯಿತು.

ಬುಧವಾರ ಇಬ್ಬರೂ ಅಧಿಕಾರಿಯ ಮುಂದೆ ನಿಂತೆವು. "ದೂರು ವಾಪಸ್ ತಗೋತೀನಿ ಸಾರ್," ಅಂದೆ.

"ದೂರು ಅಂದ್ರೆ ಕೋಟೇನ್ರೀ, ಹಾಕ್ಕೊಂಡು ಬಿಚ್ಚೋಕೆ?"

ಭಾವ ಫೋಟೋ ಮುಂದಿಟ್ಟರು. ಅಧಿಕಾರಿ ಅದನ್ನು ಮೇಲೆ ಕೆಳಗೆ ತಿರುಗಿಸಿದರು. "ಏನಿದು?"

"ಗೂಬೆ ಇರೋ ತೂತು ಸಾರ್."

"ತೂತು ಕಾಣ್ತಿದೆ. ಗೂಬೆ?"

"ಈಗ ತಾನೇ ಒಳಗೆ ಹೋಯ್ತು."

ಅಧಿಕಾರಿ ಕೆಟ್ಟವರಲ್ಲ. "ಮರಿ ಇರೋ ಗೂಡು ಅಂತಾದ್ರೆ ನಾನೇ ನಿಲ್ಲಿಸ್ತೀನಿ. ಈ ಅರ್ಜಿ ತುಂಬಿ, ಶುಕ್ರವಾರ ಹತ್ತಕ್ಕೆ ಫೋಟೋ ಸಮೇತ ಬನ್ನಿ. ಮುಖ ಸರಿಯಾಗಿ ಕಾಣಬೇಕು," ಅಂದರು. ಮುಖ ಕಾಣಬೇಕು ಎಂದು ತಾವೇ ಇನ್ನೊಬ್ಬರಿಂದ ಹೇಳಿಸಿಕೊಂಡ ಅವಮಾನದಲ್ಲಿ ಭಾವ ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು.

ಗುರುವಾರ ಬೆಳಿಗ್ಗೆ ಗೂಬೆ ಬಂತು, "ಅಲ್ಲಾಡಬೇಡಿ" ಬಂತು, ಗೂಬೆ ಹೋಯಿತು.

"ನಾಳೆ ಬಾಯಲ್ಲಿ ನೀರು ತುಂಬಿಸ್ಕೊಳ್ಳಿ," ಅಂದಳು ಅಕ್ಕ, ಪ್ರಿಂಟಿನ ಯಂತ್ರ ಒರೆಸುತ್ತ. ಆ ಸ್ಟುಡಿಯೋದಲ್ಲಿ ತಲೆ ಇರುವುದು ಅವಳಿಗೊಬ್ಬಳಿಗೇ.

ಶುಕ್ರವಾರ. ಆ ತೂತಿಗೆ ಬಿಸಿಲು ಬೀಳುವುದು ಎರಡು ಕಟ್ಟಡಗಳ ಸಂದಿನಿಂದ, ಆರೂ ನಲವತ್ತಕ್ಕೆ, ಕಾಲು ಗಂಟೆ ಮಾತ್ರ. ನಾನು ಕಪ್ಪು ಕೋಟನ್ನು ಭಾವನ ತಲೆಯ ಮೇಲೆ ಮರೆ ಹಿಡಿದು ನಿಂತೆ. ಅವರ ಕೆನ್ನೆ ಉಬ್ಬಿತ್ತು. ಬಿಸಿಲು ಬಿತ್ತು. ಗೂಬೆಯೂ ಬಂತು, ಆದರೆ ತೂತಿನ ಅಂಚಿನಲ್ಲಿ ನಮಗೆ ಬೆನ್ನು ಹಾಕಿ ಕೂತುಬಿಟ್ಟಿತು. ಐದು ನಿಮಿಷ. ಹತ್ತು ನಿಮಿಷ. ಬೆನ್ನೇ ಬೆನ್ನು! ಬಿಸಿಲು ತೂತಿನ ಅಂಚಿಗೆ ಸರಿಯಿತು. ಭಾವ ಬಾಯಲ್ಲಿ ನೀರು ಬಿಗಿಹಿಡಿದ ಮುಖದಲ್ಲಿ ನನ್ನ ಕಡೆ ನೋಡಿದರು, ಏನಾದರೂ ಮಾಡೋ ಎನ್ನುವ ಹಾಗೆ. ನಾನೇನು ಮಾಡಲಿ? ಕೈ ಜೋಮು ಹಿಡಿದಿತ್ತು, ಸೀನು ಬರುವಂತಿತ್ತು.

ಇನ್ನು ಎರಡು ನಿಮಿಷ ಬಿಸಿಲಿದೆ ಎನ್ನುವಾಗ ಭಾವನಿಗೆ ತಡೆಯಲಾಗಲಿಲ್ಲ. ಬಾಯಿ ತುಂಬ ಇದ್ದ ನೀರನ್ನು ಫುರ್ರನೆ ನನ್ನ ಅಂಗಿಯ ಮೇಲೆ ಉಗಿದು, "ಸಾರ್! ಇಲ್ಲಿ ನೋಡಿ, ಇಲ್ಲಿ!" ಎಂದು ಕೂಗಿಯೇಬಿಟ್ಟರು.

ಮುಗಿಯಿತು ಕತೆ ಎಂದು ಕಣ್ಣು ಮುಚ್ಚಿದೆ. ಟಕ್, ಟಕ್, ಟಕ್ ಎಂಬ ಸದ್ದು. ಕಣ್ಣು ಬಿಟ್ಟರೆ ಗೂಬೆ ಕೂತ ಕಡೆಯೇ ಇದೆ! ಬೆನ್ನು ಹಾಗೇ ಇದೆ, ತಲೆ ಮಾತ್ರ ಪೂರ್ತಿ ಈ ಕಡೆಗೆ ತಿರುಗಿದೆ. ಹಳದಿ ಕಣ್ಣು ಎರಡೂ ನೇರ ಕ್ಯಾಮೆರಾದೊಳಗೆ.

"ಗದ್ದ ಸ್ವಲ್ಪ ಕೆಳಗೆ," ಅಂದರು ಭಾವ, ಪಿಸುದನಿಯಲ್ಲಿ.

ನಂಬಿದರೆ ನಂಬಿ, ಅದು ತಲೆ ತಗ್ಗಿಸಿತು. ಟಕ್. ಅಷ್ಟರಲ್ಲಿ ಅದರ ಹೊಟ್ಟೆಯ ಪಕ್ಕದಿಂದ ಹತ್ತಿಯುಂಡೆಯಂಥ ಪುಟ್ಟ ತಲೆಯೊಂದು ಹೊರಗೆ ಇಣುಕಿತು. ಟಕ್! ಬಿಸಿಲು ಹೋಯಿತು. ನಾವಿಬ್ಬರೂ ತಬ್ಬಿಕೊಂಡು ಕುಣಿದ ರಭಸಕ್ಕೆ ಸ್ಟೂಲು ಉರುಳಿತು, ಕೆಳಗಿನಿಂದ ದರ್ಜಿ ಕೂಗಿದ: "ಏನ್ರೀ, ಬೆಳಬೆಳಿಗ್ಗೆ ಗೋಡೆ ಬೀಳಿಸ್ತಿದೀರ?"

ಹತ್ತಕ್ಕೆ ಅರ್ಜಿ ಅಧಿಕಾರಿಯ ಮೇಜಿನ ಮೇಲಿತ್ತು, ಅವರು ಅದನ್ನು ಕೈಗೆತ್ತಿಕೊಂಡಿದ್ದು ಹತ್ತೂವರೆ ದಾಟಿದ ಮೇಲೆ. ಮೇಲ್ತುದಿಯ ಚೌಕದಲ್ಲಿ, 'ಅರ್ಜಿದಾರರ ಭಾವಚಿತ್ರ' ಎಂದು ಇರುವಲ್ಲಿ, ಗೂಬೆ. ಎರಡೂ ಕಣ್ಣು, ಗದ್ದ ಕೆಳಗೆ, ನಗುವಿಲ್ಲ. ಚೌಕಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

"ಅರ್ಜಿದಾರರು ಇವರೇನ್ರೀ?"

"ಅವರೇ ಸಾರ್."

ಅಧಿಕಾರಿ ನಕ್ಕರು. "ನಮ್ಮ ಆಫೀಸಲ್ಲಿ ಯಾರ ಫೋಟೋನೂ ಇಷ್ಟು ಚೆನ್ನಾಗಿಲ್ಲ." ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಆದ್ರೆ ಇದು ದೊಡ್ಡ ಹಕ್ಕಿ. ಬೇರೆ ಮರಕ್ಕೆ ಹಾರಿಕೊಂಡು ಹೋಗುತ್ತೆ. ಮರಿ ಎಲ್ಲಿ?"

ನಾನು ಭಾವನ ಮುಖ ನೋಡಿದೆ. ಭಾವ ನೆಲ ನೋಡಿದರು.

"ಮರಿ ಇತ್ತು ಸಾರ್... ಕತ್ತರಿಸಿಬಿಟ್ಟೆ."

"ಏನಂದ್ರಿ?"

"ಒಂದು ಫೋಟೋಗೆ ಒಂದೇ ತಲೆ ಸಾರ್. ಚೌಕದ ಅಳತೆಗೂ ಬರಲಿಲ್ಲ."

ಗಡಿಯಾರ ಹತ್ತೂ ಮುಕ್ಕಾಲು ತೋರಿಸುತ್ತಿತ್ತು. ಗರಗಸದ ಲಾರಿ ಹೊರಟಾಗಿದೆ ಎಂದರು ಗುಮಾಸ್ತರು. ನಾನು ಸ್ಟುಡಿಯೋಗೆ ಓಡಲೆಂದು ತಿರುಗಿದೆ. ನನ್ನ ಓಟದ ವೇಗಕ್ಕೆ ಲಾರಿ ಹೋಗಿ, ಮರ ಕಡಿದು, ವಾಪಸ್ ಬಂದಿರುತ್ತಿತ್ತು. ಬಾಗಿಲಲ್ಲೇ ಅಕ್ಕ ಎದುರಾದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ದೊಡ್ಡದೊಂದು ಲಕೋಟೆ ಹಿಡಿದು.

"ಇಷ್ಟು ವರ್ಷದಿಂದ ಇವರ ಕತ್ತರಿ ನೋಡಿಲ್ವಾ ನಾನು?" ಎನ್ನುತ್ತ ಅದನ್ನು ಮೇಜಿನ ಮೇಲಿಟ್ಟಳು. "ತಗೊಳ್ಳಿ ಸಾರ್, ಇಡೀ ಫೋಟೋ. ಕತ್ತರಿ ಬೀಳೋ ಮುಂಚೆ ಇನ್ನೊಂದು ಪ್ರಿಂಟ್ ಹಾಕಿಟ್ಟಿದ್ದೆ."

ಗೂಬೆ, ಅದರ ಪಕ್ಕದಲ್ಲಿ ಆ ಹತ್ತಿಯುಂಡೆ. ಗುಮಾಸ್ತರು, ಟೈಪಿನವರು, ಚಹಾ ತಂದವನು, ಎಲ್ಲರೂ ಮೇಜಿಗೆ ಮುಗಿಬಿದ್ದರು. "ಅಯ್ಯೋ ಪಾಪ, ಹೇಗೆ ನೋಡ್ತಿದೆ!" ಎಂದು ಟೈಪಿನವರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಅಧಿಕಾರಿಯ ಕೈ ಆಗಲೇ ಫೋನಿನ ಮೇಲಿತ್ತು. "ಎಲ್ಲಿದೀರಪ್ಪ? ಗರಗಸ ಇಳಿಸಬೇಡಿ. ಹಾಗೇ ವಾಪಸ್ ಬನ್ನಿ. ಮರಿ ಹಾರೋವರೆಗೆ ಆ ಮರದ ಹತ್ತಿರ ಹೋಗ್ಬೇಡಿ!"

ಭಾವ ಕಣ್ಣೊರೆಸಿಕೊಂಡಿದ್ದನ್ನು ನಾನು ನೋಡಲಿಲ್ಲ ಎಂದು ಅವರು ತಿಳಿದಿದ್ದಾರೆ.

ಈಗ ಸ್ಟುಡಿಯೋದಲ್ಲಿ ಸ್ಟೂಲಿನ ಎದುರಿಗೇ ಆ ಇಡೀ ಫೋಟೋ ತೂಗುತ್ತಿದೆ, ಎರಡು ತಲೆ ಸಮೇತ. ಬಂದವರಿಗೆಲ್ಲ, "ಅವರನ್ನ ನೋಡಿ, ಹಾಗೆ ಕೂತ್ಕೊಳ್ಳಿ," ಎನ್ನುತ್ತಾರೆ ಭಾವ. ಸಲಿಗೆ ಸಿಕ್ಕಿತೆಂದು ನಾನೂ ಒಂದು ಮಾತು ಹಾಕಿದೆ: "ಭಾವ, ಅಕ್ಕನ ಹೆಗಲ ಮೇಲಿರೋ ಆ ನಾಲ್ಕು ಬೆರಳಿನವನದೂ ಒಂದು ಅರ್ಜಿ ಇದೆ."

"ನೆಗೆಟಿವ್ ಎಲ್ಲೋ ಇರಬೇಕು, ಹುಡುಕ್ತೀನಿ ಕಣೋ," ಅಂದರು. ಹುಡುಕುತ್ತೇನೆಂದು ಬೀರುವಿನ ಮೇಲಿನ ಡಬ್ಬ ಇಳಿಸಿದ್ದೂ ನಿಜ. ಅಷ್ಟರಲ್ಲಿ ಕಿಟಕಿಯಾಚೆ ಏನೋ ಕೀಚಲು ಕೇಳಿತು. ಡಬ್ಬ ನನ್ನ ಕೈಗೆ ತುರುಕಿ, ಲೆನ್ಸ್ ಎತ್ತಿಕೊಂಡು ಓಡಿದರು.

"ಲೋ, ಬೇಗ ಬಾರೋ! ಇನ್ನೊಂದು ತಲೆ! ಎರಡನೇ ಮರಿ ಇದೆ ಕಣೋ!"

ನಾನು ಡಬ್ಬ ಅಲ್ಲೇ ಕೆಳಗಿಟ್ಟು ಕಪ್ಪು ಕೋಟಿಗೆ ಕೈ ಹಾಕಿದೆ.