ಇಳಿಯುವ ಸ್ಟೇಷನ್

ಪ್ಯಾನಿ... ಪ್ಯಾನಿಕ್ ಏನೋ ಅಂದಿದ್ದರು ಡಾಕ್ಟರು. ಪೂರ್ತಿ ಹೆಸರು ನನಗೆ ನೆನಪಿರುವುದಿಲ್ಲ. ಕಾಯಿಲೆ ಮಾತ್ರ ಕರೆಯದೆಯೇ ಬರುತ್ತದೆ.

ಮೊನ್ನೆ ಘಾಟ್ಕೋಪರಿನಿಂದ ಮಾಟುಂಗಕ್ಕೆ ಲೋಕಲ್ ರೈಲಿನಲ್ಲಿ ಹೋಗುವಾಗ ಬಂತು. ಎದೆ ಹೊಡೆದುಕೊಂಡಿತು, ಕೈ ಮರಗಟ್ಟಿತು, ಇನ್ನು ಮುಗಿಯಿತು ಅಂದುಕೊಂಡೆ. ಲೇಡೀಸ್ ಡಬ್ಬಾದಲ್ಲಿ ಸೀಟು ಬೇಕಾದವರು ಕೂತವರನ್ನು ಕೇಳುವ ಹಾಗೆ ಎದುರು ನಿಂತಿದ್ದ ಹೆಂಗಸು ಮರಾಠಿಯಲ್ಲಿ ಕೇಳಿದಳು:

“ಆಜೀ, ಎಲ್ಲಿ ಇಳೀತೀರಿ?”

“ನಾನು ಸಾಯ್ತಾ ಇದ್ದೀನಮ್ಮ” ಎಂದೆ, ನನ್ನ ಹರಕು ಹಿಂದಿಯಲ್ಲಿ.

“ಅದಿರಲಿ. ಇಳಿಯೋದೆಲ್ಲಿ?”

“ಮಾಟುಂಗ.”

ಅವಳು ನನ್ನ ಕೈ ಹಿಡಿದುಕೊಂಡಳು. “ನನಗೂ ಹೀಗೇ ಆಗುತ್ತೆ, ಎಷ್ಟೋ ವರ್ಷದಿಂದ. ಇಳಿಯೋ ಸ್ಟೇಷನ್ ಹೇಳಿದವರು ಅಲ್ಲೀವರೆಗೆ ಸಾಯಲ್ಲ. ನಿಧಾನಕ್ಕೆ ಉಸಿರು ಬಿಡಿ. ಈಗ ಕುರ್ಲಾ. ಆಮೇಲೆ?”

“ಸಯನ್.”

ಸಯನ್ ದಾಟುವಷ್ಟರಲ್ಲಿ ಎದೆ ತಹಬಂದಿಗೆ ಬಂತು. ಇದೊಂದು ಕಾಯಿಲೆ, ಡಾಕ್ಟರು ಹೆಸರೂ ಹೇಳಿದ್ದಾರೆ ಎಂದೆ.

“ಹೆಸರಿದೆಯಾ? ನಮ್ಮ ಮನೇಲಿ ನಾಟಕ ಅಂತಾರೆ.”

ಹೆಸರು ನೆನಪಾಗುವ ಮೊದಲೇ ಮಾಟುಂಗ ಬಂತು. ನಾನು ಬದುಕಿಯೇ ಇಳಿದೆ; ಅವಳು ನನ್ನ ಸೀಟಿನಲ್ಲಿ ಕೂತಳು.

ನಾಳೆ ಮತ್ತೆ ಅದೇ ಗಾಡಿ, ಅದೇ ಡಬ್ಬಾ. ಮೊಮ್ಮಗಳನ್ನು ಕರೆದೆ. “ಪುಟ್ಟಿ, ಡಾಕ್ಟರು ಹೇಳಿದ ಆ ಹೆಸರನ್ನು ಮರಾಠಿಯಲ್ಲಿ ದೊಡ್ಡದಾಗಿ ಬರೆದುಕೊಡು. ಅವಳ ಮನೆಯವರಿಗೆಲ್ಲ ಕಾಣಬೇಕು.”