ಬಾಡಿ ಇಲ್ಲದ ದೋಣಿ

ಗಾಡಿಗಳ ಎಲೆಕ್ಟ್ರಿಕ್ ಕೆಲಸದಲ್ಲಿ ನಾವು ಅತಿ ಹೆಚ್ಚು ಆಡುವ ಮಾತು ಬಾಡಿ. ಕಾರೋ, ಸ್ಕೂಟರೋ, ಆಟೋನೋ, ಬ್ಯಾಟರಿಯ ನೆಗೆಟಿವ್ ವೈರನ್ನು ಗಾಡಿಯ ಕಬ್ಬಿಣದ ಮೈಗೇ ಕಟ್ಟಿರುತ್ತಾರೆ. ಆಮೇಲೆ ಇಡೀ ಗಾಡಿಯೇ ಒಂದು ವೈರು ಇದ್ದಂತೆ. ದೀಪಕ್ಕೋ ಹಾರನ್ನಿಗೋ ಒಂದು ವೈರಿನಲ್ಲಿ ಕರೆಂಟು ಕೊಟ್ಟು, ಇನ್ನೊಂದನ್ನು ಹತ್ತಿರದ ಬೋಲ್ಟಿಗೆ ಸಿಕ್ಕಿಸಿದರೆ ಮುಗಿಯಿತು. ಇದಕ್ಕೆ ಬಾಡಿ ಕೊಡೋದು ಅನ್ನುತ್ತೇವೆ. ಕತ್ರಿಗುಪ್ಪೆಯ ನನ್ನ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅದೇ ಮಾತು. ಆ ಮಾತಿಗೆ ಬೇರೊಂದು ಅರ್ಥವೂ ಇದೆಯೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಕೈಯಲ್ಲಿ ಸ್ಪ್ಯಾನರ್ ಇದ್ದಾಗ ಅದು ನೆನಪಿಗೆ ಬರುತ್ತಿರಲಿಲ್ಲ, ಅಷ್ಟೆ.

ತೊಂಬತ್ತರ ದಶಕದ ಕೊನೆಯ ಮಾತು. ಗಣೇಶನನ್ನು ನೀರಿಗೆ ಬಿಡುವ ದಿನಗಳು. ಬೆಳಿಗ್ಗೆ ಅಂಗಡಿಯ ಶಟರ್ ಎತ್ತುತ್ತಿದ್ದೆ. ನನ್ನ ಹಳೇ ಗಿರಾಕಿಯೊಬ್ಬರು ಸ್ಕೂಟರಿನಲ್ಲಿ ಬಂದು, ಇಳಿಯದೆಯೇ, ಹತ್ತಪ್ಪಾ ಹಿಂದೆ ಅಂದರು. ಸುಬ್ರಹ್ಮಣ್ಯಪುರದ ಆಚೆ ಕೆರೆಯ ಪಕ್ಕ ಅವರ ತಂದೆಯ ಕಾಲದಲ್ಲಿ ಸೊಪ್ಪು, ತರಕಾರಿ ಬೆಳೆಯುತ್ತಿದ್ದರು. ಹೊಲ ಲೇಔಟಾದ ಮೇಲೆ ಸಾಲಾಗಿ ಬಾಡಿಗೆ ಮನೆ ಕಟ್ಟಿಸಿದರು. ಸುಮ್ಮನಿರಲಾರದೆ ಎಲ್ಲಿಂದಲೋ ಒಂದು ಹಳೇ ಮೋಟಾರ್ ದೋಣಿ ತಂದು, ಭಾನುವಾರ ಜನರನ್ನು ಕೂರಿಸಿಕೊಂಡು ಕೆರೆ ಸುತ್ತಿಸುತ್ತಿದ್ದರು. ಆ ದೋಣಿ ಸ್ಟಾರ್ಟ್ ಆಗುತ್ತಿಲ್ಲ ಅಂದರು. ದೋಣಿ ಗೀಣಿ ನನಗೆ ಗೊತ್ತಿಲ್ಲ ಯಜಮಾನ್ರೇ, ನಾನು ರೋಡಿನ ಗಾಡಿಯವನು ಅಂದೆ. ಅವರು ದನಿ ತಗ್ಗಿಸಿ ವಿಷಯ ಹೇಳಿದರು.

ಹಿಂದಿನ ಸಂಜೆ ಬಿಟಿಎಂ ಕಡೆಯ ಒಂದು ಆಫೀಸಿನವರು ಗಣೇಶನನ್ನು ತಂದಿದ್ದರಂತೆ. ಮೂರ್ತಿ ಹಿಡಿದು ಎಲ್ಲರಿಗಿಂತ ಮುಂದೆ ಹೋದವನು ಮೇಲೆ ಬರಲಿಲ್ಲ. ಕತ್ತಲಾಗುವವರೆಗೂ ಊರಿನವರು ಮುಳುಗಿ ಹುಡುಕಿದರು. ಹುಟ್ಟು ಹಾಕಿಕೊಂಡು ಹೋಗೋಣವೆಂದರೆ ಕೆರೆಯ ಒಳಭಾಗದಲ್ಲಿ ಅಂತರಗಂಗೆ ಚಾಪೆ ಹಾಸಿದಂತೆ ಬೆಳೆದಿತ್ತು, ಹುಟ್ಟು ಆಡುತ್ತಿರಲಿಲ್ಲ. ಮೋಟಾರೇ ಬೇಕು. ನಾನು ಚೀಲ ತೆಗೆದುಕೊಂಡು ಹತ್ತಿದೆ.

ಕೆರೆಯ ದಡದಲ್ಲಿ ಜಾತ್ರೆಯಷ್ಟು ಜನ. ನೀರಿಗೆ ತೀರಾ ಹತ್ತಿರ ಒಬ್ಬರು, ಮೂವತ್ತರ ಆಸುಪಾಸಿನವರು, ತಮ್ಮ ಚಪ್ಪಲಿಯ ಪಕ್ಕ ಇನ್ನೊಂದು ಜೊತೆ ಚಪ್ಪಲಿ ಇಟ್ಟುಕೊಂಡು ಕೂತಿದ್ದರು. ಹೋದವನ ಅಣ್ಣ. ಉತ್ತರ ಕರ್ನಾಟಕದ ಕಡೆಯವರು. ಅಣ್ಣ ತಮ್ಮ ಇಬ್ಬರೂ ಬಿಟಿಎಂನಲ್ಲಿ ಒಂದೇ ರೂಮಿನಲ್ಲಿದ್ದರು. ಅವರು ಯಾರು ಬಂದರೂ ಒಂದೇ ಮಾತು ಹೇಳುತ್ತಿದ್ದರು. ನನಗೂ ಹೇಳಿದರು: "ಹೊಳಿ ದಂಡಿ ಊರು ನಮ್ದು. ಅಂವಗ ಈಸು ಬರ್ತದ್ರಿ ಸರ. ಆ ದಂಡಿಗೆ ಎದ್ದಿರ್ತಾನ, ನೋಡ್ರಿ."

ಆಚೆ ದಡದ ಜೊಂಡಿನೊಳಗೆ ತಮ್ಮ ಸುಸ್ತಾಗಿ ಬಿದ್ದಿದ್ದಾನೆಂದು ಅವರ ನಂಬಿಕೆ. ಅಲ್ಲೆಲ್ಲ ಕೆಸರು, ನಡೆದು ಹೋಗುವ ಹಾಗಿಲ್ಲ; ಹೋಗಿ ನೋಡಲು ದೋಣಿಯೇ ಬೇಕು. ಅವರ ಕಣ್ಣೆಲ್ಲ ನನ್ನ ಚೀಲದ ಮೇಲಿತ್ತು.

ಕೆಲಸ ಮಾಡುವಾಗ ಯಾರಾದರೂ ತಲೆಯ ಮೇಲೆ ನಿಂತರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವತ್ತು ಅರ್ಧ ಊರೇ ನಿಂತಿತ್ತು. ಎಲ್ಲರನ್ನೂ ಗದರಿ ದೂರ ಕಳಿಸಿ, ದೋಣಿಗೆ ಹತ್ತಿ ಕೀ ತಿರುಗಿಸಿದೆ. ಟಕ್ ಅಂದು ಸುಮ್ಮನಾಯಿತು. ಬ್ಯಾಟರಿ ವೀಕು ಅಂದುಕೊಂಡೆ. ಟೆಸ್ಟ್ ಲ್ಯಾಂಪ್ ತೆಗೆದೆ. ಎರಡು ವೈರು ಕಟ್ಟಿದ ಸಣ್ಣ ಬಲ್ಬು ಅದು. ಒಂದು ವೈರನ್ನು ಸೀಟಿನ ಕಬ್ಬಿಣಕ್ಕೆ ಸಿಕ್ಕಿಸಿ, ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್‌ಗೆ ಮುಟ್ಟಿಸಿದೆ. ಬಲ್ಬು ಹತ್ತಲಿಲ್ಲ. ಬ್ಯಾಟರಿ ಪೂರ್ತಿ ಸತ್ತಿದೆ ಎಂದು ತೀರ್ಮಾನ ಮಾಡಿಬಿಟ್ಟೆ. ಯಾರೋ ಆಗಷ್ಟೇ ದಡಕ್ಕೆ ತಂದು ನಿಲ್ಲಿಸಿದ್ದ ಜೀಪಿನ ಬ್ಯಾಟರಿ ಬಿಚ್ಚಿ, ಹೊತ್ತು ತಂದು, ಕೂರಿಸಿದೆ. ಮತ್ತೆ ಟಕ್. ಮತ್ತೆ ಬಲ್ಬು ಹತ್ತಲಿಲ್ಲ. ಆ ಕಬ್ಬಿಣ ಕೆರೆದೆ, ಈ ಬೋಲ್ಟು ಉಜ್ಜಿದೆ, ಹತ್ತು ಕಡೆ ಸಿಕ್ಕಿಸಿ ನೋಡಿದೆ. ಹೀಗೆ ಒಂದು ಗಂಟೆಯ ಹತ್ತಿರ ಹೋಯಿತು. ಆ ಹೊತ್ತೆಲ್ಲ ಅಣ್ಣ ನನ್ನ ಕೈಯನ್ನೇ ನೋಡುತ್ತಿದ್ದರು.

ಆಗತಾನೇ ಓಡಿಬಂದ ಜೀಪಿನ ಬ್ಯಾಟರಿ ಹೇಗೆ ಸಾಯುತ್ತದೆ? ಕೋಪಕ್ಕೆ ದೋಣಿಯ ಮೈಗೆ ಗುದ್ದಿದೆ. ಠೊಳ್ ಅಂತ ನೀರಿನ ಟ್ಯಾಂಕಿನ ಸದ್ದು ಬಂತು. ಫೈಬರ್! ನನ್ನ ಬುದ್ಧಿಗಿಷ್ಟು. ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲ, ಆ ಕಬ್ಬಿಣಕ್ಕೂ ಬ್ಯಾಟರಿಗೂ ಸಂಬಂಧವೇ ಇಲ್ಲ. ಇಷ್ಟು ಹೊತ್ತೂ ಇಲ್ಲದ್ದನ್ನು ಹುಡುಕಿದ್ದೆ. ತಪ್ಪು ಸಿಕ್ಕಿದ ಖುಷಿಗೆ, ದಡದಲ್ಲಿದ್ದ ಯಜಮಾನರಿಗೆ ಕೇಳಲೆಂದು ಗಂಟಲು ಹರಿಯುವಂತೆ ಕೂಗಿದೆ. "ಯಜಮಾನ್ರೇ, ಬಾಡೀನೇ ಇಲ್ಲ ಕಣ್ರೀ! ಇಷ್ಟು ಹೊತ್ತೂ ಸುಮ್ನೆ ಹುಡುಕಿದ್ದು!"

ದಡದ ಗದ್ದಲ ನಿಂತುಹೋಯಿತು. ಅಣ್ಣ ಎದ್ದು, ಪ್ಯಾಂಟಿನ ಸಮೇತ ಮೊಣಕಾಲುದ್ದ ನೀರಿಗಿಳಿದು, ದೋಣಿಯ ಅಂಚು ಹಿಡಿದುಕೊಂಡರು. ಮುಖದಲ್ಲಿ ನಗು ಬಂದಿತ್ತು. "ಬಾಡಿ ಇಲ್ಲಂದ್ರ ಅಂವ ಜೀವಂತ ಅದಾನ, ಹೌದಲ್ರಿ ಸರ?"

ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ ಅನ್ನಿಸಿತು. ಇದು ವೈರಿನ ಮಾತು ಸಾರ್, ದೋಣಿಯ ವೈರಿನ ಮಾತು, ನಿಮ್ಮ ತಮ್ಮನ ವಿಷಯ ಅಲ್ಲ ಅಂದೆ. ಅವರಿಗೆ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು. ಆ ಎರಡನೇ ಸಲ ಹೇಳಿದ್ದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೇಳದೆ ಬೇರೆ ದಾರಿಯೂ ಇರಲಿಲ್ಲ. ಅವರು ಕೈ ಬಿಡಲಿಲ್ಲ, ಬೈಯಲೂ ಇಲ್ಲ. ಹಂಗಾದ್ರ ಲಗೂನ ಮಾಡ್ರಿ ಸರ ಎಂದಷ್ಟೇ ಅಂದರು.

ಬಲ್ಬಿನ ವೈರನ್ನು ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೆ ಸಿಕ್ಕಿಸಿದೆ, ಝಗ್ಗನೆ ಹತ್ತಿತು. ದೋಣಿಯ ಹಳೇ ಬ್ಯಾಟರಿಗೆ ಹಿಡಿದರೂ ಹತ್ತಿತು. ಎರಡೂ ಸರಿಯಾಗೇ ಇದ್ದವು. ಆಮೇಲೆ ನೆಗೆಟಿವ್ ವೈರು ಹಿಡಿದು ಬೆರಳಲ್ಲಿ ತಡವುತ್ತಾ ಇಂಜಿನ್ನಿನ ತನಕ ಹೋದೆ. ಕೊನೆಯಲ್ಲಿ, ರಬ್ಬರಿನೊಳಗೆ, ತಾಮ್ರವೆಲ್ಲ ಹಸಿರು ಕಿಲುಬಾಗಿ ಪುಡಿಪುಡಿಯಾಗಿತ್ತು. ಅಷ್ಟನ್ನು ಕತ್ತರಿಸಿ, ಒಳ್ಳೆಯ ತಾಮ್ರ ಬರುವವರೆಗೆ ಬ್ಲೇಡಿನಲ್ಲಿ ಕೆರೆದು, ಹೊಸದಾಗಿ ಬಿಗಿದೆ. ಕೀ ತಿರುಗಿಸುತ್ತಲೇ ಮೋಟಾರು ಸ್ಟಾರ್ಟ್ ಆಯಿತು. ಹತ್ತು ನಿಮಿಷದ ಕೆಲಸವಾಗಿತ್ತು ಅದು.

ಯಜಮಾನರು ಈಜು ಬಲ್ಲ ಇಬ್ಬರನ್ನು ಕೂರಿಸಿಕೊಂಡು ಹೊರಟರು. ಮೊದಲು ಆಚೆ ದಡಕ್ಕೇ ಹೋಗಿ, ಜೊಂಡಿನುದ್ದಕ್ಕೂ ನೋಡಿದರು. ಆಮೇಲೆ ಅಂತರಗಂಗೆಯ ನಡುವೆ ಮೋಟಾರಿನ ಸದ್ದು ನಿಂತಿತು, ಬಹಳ ಹೊತ್ತು ನಿಂತಿತು. ಅಣ್ಣ ನನ್ನ ಪಕ್ಕದಲ್ಲೇ ಇದ್ದರು.

ದೋಣಿ ತಿರುಗಿ ಹತ್ತಿರವಾಗುತ್ತಿದ್ದಂತೆ ಜನ ಮುಂದೆ ನುಗ್ಗಿದರು. ಬಾಡಿ ಬಂತು, ಬಾಡಿ ಬಂತು ಅಂತ ಬಾಯಿಂದ ಬಾಯಿಗೆ ಹೋಯಿತು. ಅಣ್ಣ ದೋಣಿಯ ಕಡೆ ನೋಡಲಿಲ್ಲ. ತಿರುಗಿ ನನ್ನನ್ನು ನೋಡಿದರು, ಇದೂ ವೈರಿನ ಮಾತೇ ಇರಬಹುದೇನೋ ಅನ್ನುವಂತೆ. ನಾನು ಜನರ ಕಡೆ ತಿರುಗಿದೆ. ಬೆಳಿಗ್ಗೆ ಕೂಗಿದ ಅದೇ ಗಂಟಲಿನಲ್ಲಿ ಕೂಗಿದೆ.

"ಬಾಡಿ ಅನ್ಬೇಡ್ರಯ್ಯಾ. ಇವರ ತಮ್ಮ ಬರ್ತಿದಾರೆ, ದಾರಿ ಬಿಡಿ."

ಜನ ಸರಿದು ನಿಂತರು. ಅಣ್ಣ ಮತ್ತೆ ನೀರಿಗಿಳಿದರು. ಎರಡು ಹೆಜ್ಜೆ ಹೋಗಿ, ನಿಂತು, "ಒಬ್ಬಾಂವ್ಗ ಆಗಂಗಿಲ್ಲ. ನೀವೂ ಹಿಡೀರಿ ಸರ" ಅಂದರು. ಕಿಲುಬು ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡು ಇಳಿದೆ. ಅವರು ತಲೆಯ ಕಡೆ ಹಿಡಿದರು, ನಾನು ಕಾಲು ಹಿಡಿದೆ.