ಇಪ್ಪತ್ತೊಂದು ದಿನದ ಕ್ಯೂರಿಂಗ್

ನಮ್ಮ ಯಜಮಾನರಿಗೆ ಬಲಗಾಲಿನ ಮಂಡಿ ಬದಲಾಯಿಸಿದರು. ಮೂವತ್ತೊಂದು ವರ್ಷ ಕಂಡವರ ಮನೆಯ ನೆಲಕ್ಕೆ ಊರಿ ಊರಿ ಟೈಲ್ಸ್ ಹಾಕಿದ ಮಂಡಿ, ಸವೆಯದೆ ಇನ್ನೇನಾಗುತ್ತದೆ? ಅಷ್ಟು ಮನೆಗಳ ನೆಲ ಹೊಳೆಯುವಂತೆ ಮಾಡಿದವರ ಸ್ವಂತ ಮನೆಯಲ್ಲಿ ಇವತ್ತಿಗೂ ಗಾರೆ ನೆಲ. ಅದೂ ಬಚ್ಚಲ ಬಾಗಿಲಲ್ಲಿ ಬಿರುಕು ಬಿಟ್ಟಿದೆ. ಕೇಳಿದರೆ, ಈ ಸೀಸನ್ ಮುಗಿಯಲಿ ಎನ್ನುತ್ತಾರೆ. ನಮ್ಮ ಮದುವೆಯಾದಾಗಿನಿಂದ ಆ ಸೀಸನ್ ಮುಗಿದಿಲ್ಲ.

ಆಪರೇಷನ್ನಿಗೆ ಸ್ಟ್ರೆಚರ್ ಮೇಲೆ ತಳ್ಳಿಕೊಂಡು ಹೋಗುವಾಗ ಬೇರೆಯವರು ದೇವರನ್ನು ನೆನೆಯುತ್ತಾರೆ. ಇವರು ಚಕ್ರದ ಸದ್ದು ಕೇಳಿಸಿಕೊಂಡು, ಈ ಕಾರಿಡಾರಿನಲ್ಲಿ ನಾಲ್ಕು ಟೈಲ್ಸಿನ ಕೆಳಗೆ ಟೊಳ್ಳಿದೆ ಎಂದು ನರ್ಸಿಗೆ ವರದಿ ಒಪ್ಪಿಸಿದರು. ಆಯಮ್ಮ ಹೌದಾ ಸರ್ ಎಂದು ಸೂಜಿ ಚುಚ್ಚಿದಳು.

ಡಾಕ್ಟರು ಒಳ್ಳೆಯವರು, ಮಾಡಿದ ತಪ್ಪು ಒಂದೇ. ಮಾರನೆಯ ದಿನ ಎಕ್ಸ್‌ರೇ ತೋರಿಸುತ್ತ, ಹೊಸ ಮಂಡಿಯನ್ನು ಮೂಳೆಗೆ ಒಂದು ಬಗೆಯ ಸಿಮೆಂಟ್ ಹಾಕಿ ಕೂರಿಸಿದ್ದೇವೆ ಎಂದುಬಿಟ್ಟರು. ಟೈಲ್ಸ್ ಕೆಲಸದವರ ಮುಂದೆ ಆಡುವ ಮಾತೇ ಅದು? ಇವರ ಮುಖ ಊರಗಲವಾಯಿತು. ಹಿಂದಿನ ದಿನದವರೆಗೆ ಅವರು ಡಾಕ್ಟರು, ಇವರು ರೋಗಿ. ಈಗ ಇಬ್ಬರೂ ಒಂದೇ ಕಸುಬಿನವರಾದರು.

ಮನೆಗೆ ಬಂದ ದಿನವೇ ಮಂಚದ ಮೇಲಿಂದ ಅಪ್ಪಣೆ ಹೊರಟಿತು. ಸಿಮೆಂಟ್ ಹಾಕಿದ ಮೇಲೆ ಇಪ್ಪತ್ತೊಂದು ದಿನ ಕ್ಯೂರಿಂಗ್ ಆಗಿ ಗಟ್ಟಿಯಾಗಬೇಕಂತೆ, ಅಲ್ಲಿಯವರೆಗೆ ಮಂಡಿಯನ್ನು ಯಾರೂ ಅಲ್ಲಾಡಿಸಬಾರದಂತೆ. ದಿನಕ್ಕೆ ಎರಡು ಸಲ ನೀರು ಹಾಕು ಎನ್ನಲಿಲ್ಲ, ಅದು ನನ್ನ ಪುಣ್ಯ. ಆಸ್ಪತ್ರೆಯ ಚೀಟಿಯಲ್ಲಿ ಮೊದಲ ದಿನದಿಂದಲೇ ಕಾಲು ಮಡಚಬೇಕು ಎಂದು ಬರೆದಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಬೇರೆ ಹೇಳಿದ್ದರು: ಆರು ವಾರದೊಳಗೆ ತೊಂಬತ್ತು ಡಿಗ್ರಿ ಮಡಚಬೇಕು, ಇಲ್ಲದಿದ್ದರೆ ಇನ್ನೊಮ್ಮೆ ಮತ್ತು ಬರಿಸಿ ತಾವೇ ಬಲವಂತವಾಗಿ ಮಡಚಬೇಕಾಗುತ್ತದೆ. ಇದನ್ನು ಇವರಿಗೆ ಎಷ್ಟು ಸಲ ಹೇಳಿದೆನೋ, ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಹತ್ತಿರ ನಾಲ್ಕನೆಯದರ ಮಾತೇಕೆ?

ಸಾಲದ್ದಕ್ಕೆ ನನ್ನ ನಾದಿನಿ ಬಂದಳು. ಅಣ್ಣ ಹೇಳಿದ ಮೇಲೆ ಮುಗಿಯಿತು ಎನ್ನುವ ಪೈಕಿ ಅವಳು. ಮಂಡಿಯ ಕೆಳಗೆ ಇಡಲು ಎರಡು ದಿಂಬು ತಂದುಕೊಟ್ಟು, ಅತ್ತಿಗೆ, ಅಣ್ಣನಿಗೆ ಸ್ವಲ್ಪ ವಿಶ್ರಾಂತಿ ಕೊಡಿ ಎಂದು ಉಪದೇಶ ಮಾಡಿ ಹೋದಳು. ನಾನೇನೋ ಅವರಿಂದ ರಸ್ತೆ ಕೆಲಸ ಮಾಡಿಸುತ್ತಿದ್ದೆ ನೋಡಿ!

ವಾರಕ್ಕೊಮ್ಮೆ ವ್ಯಾಯಾಮ ಮಾಡಿಸಲು ಫಿಸಿಯೋಥೆರಪಿಸ್ಟ್ ಬರುತ್ತಿದ್ದರು. ನಡುವಯಸ್ಸಿನ ಖಡಕ್ ಹೆಂಗಸು. ಇವರು ಆಕೆಗೆ ಇನ್‌ಸ್ಪೆಕ್ಟರಮ್ಮ ಎಂದು ಹೆಸರಿಟ್ಟಿದ್ದರು. ಆಕೆ ಬರುವ ಹೊತ್ತಿಗೆ ನಾನು ಬೇಕರಿಯ ಕೌಂಟರಿನಲ್ಲಿ ಬ್ರೆಡ್ಡು ಕಟ್ಟುತ್ತಿರುತ್ತೇನೆ. ಸಂಜೆ ಬಂದು ಏನಂದರು ಎಂದು ಕೇಳಿದರೆ, ಎಲ್ಲ ಚೆನ್ನಾಗಿದೆಯಂತೆ ಎನ್ನುತ್ತಿದ್ದರು. ಮೂರನೆಯ ವಾರ ನನಗೆ ಅನುಮಾನ ಬಂದು ರಜೆ ಹಾಕಿ ಕೂತೆ.

ಇನ್‌ಸ್ಪೆಕ್ಟರಮ್ಮ ಅಳತೆ ಹಿಡಿದರು. ಐವತ್ತೈದು ಡಿಗ್ರಿ. ದಿಂಬುಗಳನ್ನು ನೋಡಿ, ಇವನ್ನು ಯಾರು ಇಟ್ಟಿದ್ದು, ಹೀಗಾದರೆ ಕಾಲು ನೆಟ್ಟಗೂ ಆಗುವುದಿಲ್ಲ ಎಂದು ಎಳೆದು ಕುರ್ಚಿಯ ಮೇಲೆ ಒಗೆದರು. ನಾನು ನಾಚಿಕೆ ಬಿಟ್ಟು ಕ್ಯೂರಿಂಗಿನ ಕಥೆ ಹೇಳಿದೆ.

"ಆ ಸಿಮೆಂಟು ಆಪರೇಷನ್ ಟೇಬಲ್ ಮೇಲೇ ಹತ್ತು ಹದಿನೈದು ನಿಮಿಷಕ್ಕೆ ಗಟ್ಟಿಯಾಗುತ್ತಮ್ಮ," ಎಂದರು ಆಕೆ. "ಇದನ್ನ ನಾನು ಮೊದಲನೇ ಸಲ ಬಂದಾಗಲೇ ಇವರಿಗೆ ಹೇಳಿದ್ದೆ."

ಇವರು ಫ್ಯಾನು ನೋಡುತ್ತಿದ್ದರು.

ಆಕೆ ಹೋಗುವುದನ್ನೇ ಕಾದು ನಾನು ಶುರುಮಾಡಿದೆ. ಮೂರು ವಾರ ನನ್ನ ಕಿವಿಗೆ ಹೂ ಇಟ್ಟಿರಲ್ಲ, ದಡ್ಡರು ಎಂದುಕೊಂಡು ಸಹಿಸಿಕೊಂಡಿದ್ದೆ, ಗೊತ್ತಿದ್ದೂ ಮಾಡಿದಿರಾ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ನೆರೆಮನೆಯ ರೇಡಿಯೋ ನಿಂತುಹೋಯಿತು, ಅವರೂ ಕೇಳಿಸಿಕೊಂಡಿರಬೇಕು. ನನ್ನ ಉಸಿರು ಮುಗಿದ ಮೇಲೆ ಇವರು ಫ್ಯಾನಿನಿಂದ ಕಣ್ಣು ಇಳಿಸಿದರು.

"ನೆಲಕ್ಕೆ ಮಂಡಿ ಊರೋ ಹಾಗಿಲ್ಲ ಅಂತ ಡಾಕ್ಟ್ರು ಆವತ್ತೇ ಹೇಳಿದಾರೆ ಕಣೇ," ಎಂದರು. "ಕಾಲು ಮಡಚ್ತು ಅಂದ್ರೆ ಎಲ್ರೂ ಕೆಲಸಕ್ಕೆ ಯಾವಾಗ ಬರ್ತೀಯ ಅಂತ ಕೇಳ್ತಾರೆ. ಕ್ಯೂರಿಂಗ್ ಅಂತ ಮಲಗಿರೋವರೆಗೂ ನಾನು ರಜೆ ಮೇಲಿರೋ ಮೇಸ್ತ್ರಿ. ಆಮೇಲೆ ನಾನ್ಯಾರು?"

ಕೋಪ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಈ ಮನುಷ್ಯನಿಗೆ ಹೆದರಿಕೆ ಎನ್ನುವುದು ಇದೆ ಎಂದು ನನಗೆ ಅಂದೇ ತಿಳಿದದ್ದು. ಆದರೂ ಸುಮ್ಮನಿರುವ ಜಾಯಮಾನ ನನ್ನದಲ್ಲ. ಅದೆಲ್ಲ ಆಮೇಲೆ ನೋಡೋಣ, ಮೊದಲು ಕಾಲು ಕೊಡಿ ಎಂದು ಗಾರೆ ನೆಲದ ಮೇಲೆ ಕೂತು ಇನ್‌ಸ್ಪೆಕ್ಟರಮ್ಮ ತೋರಿಸಿದ ಹಾಗೆ ಹಿಮ್ಮಡಿ ಹಿಡಿದು ಒತ್ತಿದೆ. ಇವರು ಹಾಕಿದ ಕೂಗಿಗೆ ನೆರೆಮನೆಯವರು ರೇಡಿಯೋ ಮತ್ತೆ ಹಚ್ಚಿದರು.

ಮೂರು ವಾರ ದಿನಕ್ಕೆ ಮೂರು ಹೊತ್ತು ಇದೇ ಆಯಿತು. ಒತ್ತುವಾಗ ಇವರು ನನ್ನ ತವರಿನವರನ್ನೆಲ್ಲ ಸ್ಮರಿಸುತ್ತಿದ್ದರು, ನಾನು ಇವರ ಕಡೆಯವರನ್ನು ಬಿಡುತ್ತಿರಲಿಲ್ಲ. ಎಪ್ಪತ್ತಾಯಿತು, ಎಂಬತ್ತೆರಡಾಯಿತು. ಆರನೆಯ ವಾರ ಆಸ್ಪತ್ರೆಯಲ್ಲಿ ಡಾಕ್ಟರು ಅಳೆದಾಗ ತೊಂಬತ್ತಾರು. ಮತ್ತು ಬರಿಸುವ ಮಾತೇ ಇಲ್ಲ ಎಂದು ಬೆನ್ನು ತಟ್ಟಿದರು. ನನ್ನ ಬೆನ್ನನ್ನು ಯಾರೂ ತಟ್ಟಲಿಲ್ಲ, ಅದಿರಲಿ.

ಹೊರಗೆ ಕೌಂಟರಿನಲ್ಲಿ ಗುಮಾಸ್ತನೊಬ್ಬ ಫಾರಂ ತುಂಬುತ್ತಿದ್ದ. ಹೆಸರು, ವಯಸ್ಸು ಬರೆದುಕೊಂಡು ಕೆಲಸ ಏನು ಎಂದು ಕೇಳಿದ. ಇವರನ್ನು ಈ ಪ್ರಶ್ನೆ ಕೇಳಿದವರು ಸಾಮಾನ್ಯವಾಗಿ ಅರ್ಧ ಗಂಟೆ ತಪ್ಪಿಸಿಕೊಳ್ಳಲಾರರು. ಯಾರ ಮನೆ, ಎಷ್ಟು ಚದರಡಿ, ಯಾವ ಮೂಲೆಯಲ್ಲಿ ಎಷ್ಟು ಇಳಿಜಾರು, ಎಲ್ಲ ಬರುತ್ತದೆ.

"ಟೈಲ್ಸ್ ಹಾಕ್ತಿದ್ದೆ," ಎಂದರು ಇವರು. ಅಷ್ಟೇ.

ಗುಮಾಸ್ತ ತಲೆ ಎತ್ತಿ, ಈಗ ಏನು ಕೆಲಸ ಮಾಡುತ್ತೀರಿ ಎಂದ. ಇವರು ಊರುಗೋಲಿನ ಹಿಡಿಯನ್ನು ಉಜ್ಜುತ್ತ ನಿಂತರು.

"ಮೇಸ್ತ್ರಿ ಅಂತ ಬರ್ಕೊಳ್ಳಿ," ಎಂದೆ ನಾನು.

ಗುಮಾಸ್ತ ಇವರ ಮುಖ ನೋಡಿದ. ಇವರು ನನ್ನ ಮುಖ ನೋಡಿದರು. ಆಮೇಲೆ ಅವನು ಹಾಗೆಯೇ ಬರೆದುಕೊಂಡ.